ನಮಗಿಂತ ಮೊದಲು ಹಡಗು ಹತ್ತಿದ ಕುಂಚಿಗೆ

ಬೆಳಿಗ್ಗೆ ಮೊಮ್ಮಗಳ ಕೂಸಿಗೆಂದು ಟ್ರಂಕಿನ ತಳದಿಂದ ಕುಂಚಿಗೆ ತೆಗೆದೆ. ಇಳಕಲ್ ಸೀರೆಯ ಸೆರಗಿನಲ್ಲಿ ಹೊಲಿದದ್ದು, ಕೂಸಿನ ತಲೆಯಿಂದ ಬೆನ್ನಿನವರೆಗೆ ಮುಚ್ಚುತ್ತದೆ. ಎಷ್ಟೋ ಸಲ ಸೀಗೆಕಾಯಿ ಕಂಡಿದೆ, ಬೇವಿನ ಸೊಪ್ಪಿನ ನಡುವೆ ಮಲಗಿದೆ. ಆದರೂ ಮೂಗಿಗೆ ಹಿಡಿದರೆ ಒಣಮೀನಿನ ವಾಸನೆ. ಮೀನು ಮುಟ್ಟದ ತಿಕೋಟಾದ ನಮ್ಮಂಥ ಮನೆಯ ಕುಂಚಿಗೆಗೆ ಒಣಮೀನು! ಅದು ನನ್ನ ಮೂಗಿನ ಭ್ರಮೆ ಎಂದು ಮೊಮ್ಮಗಳು ನಗುತ್ತಾಳೆ. ನಗಲಿ. ಇವತ್ತು ಅವಳು ಏನಂದರೂ ನನಗೆ ಸಿಹಿಯೇ. ಗಂಡ, ಕೂಸಿನೊಂದಿಗೆ ಹಡಗಿನಲ್ಲಿ ತಿರುಗಾಡಲು ಹೊರಟವಳು ನನಗೂ ಟಿಕೆಟ್ ತೆಗೆಸಿದ್ದಾಳೆ. ಅಥಣಿ ರಸ್ತೆಯ ನಮ್ಮ ಓಣಿಯಲ್ಲಿ ಈ ಸುದ್ದಿ ಹೇಳದೆ ನಾನು ಬಿಟ್ಟ ಮನೆ ಒಂದೂ ಇಲ್ಲ.

ಹಡಗು ಹತ್ತುವ, ಇಳಿಯುವ ರೀತಿಯನ್ನು ಅವಳು ಮೊಬೈಲಿನಲ್ಲಿ ಓದಿ ಹೇಳುತ್ತಿದ್ದಳು. "ಸಾಮಾನ ದಂಡಿ ಮ್ಯಾಗ ಕೊಟ್ಟಬಿಡೂದ, ಆಯಿ. ಅದು ನಮಗಿಂತ ಮೊದಲ ಹಡಗ ಹತ್ತತೈತಿ."

ನಾನು ನಕ್ಕ ನಗೆಗೆ ಕೂಸು ಬೆಚ್ಚಿ ಅತ್ತಿತು. ಆ ಪದ್ಧತಿಯನ್ನು ನಮ್ಮ ಅವ್ವ ಅರವತ್ತರ ದಶಕದಲ್ಲೇ ಮಾಡಿ ಮುಗಿಸಿದ್ದಳು!

ಅವ್ವನ ಪ್ರಕಾರ ಜಗತ್ತಿನಲ್ಲಿ ಯಾವ ವಾಹನವನ್ನೇ ಹತ್ತಲಿ, ವಿಧಾನ ಒಂದೇ. ಬಬಲೇಶ್ವರದ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲು ಎಸೆಯಬೇಕು. ಟವೆಲು ಬಿದ್ದ ಸೀಟು ನಮ್ಮದು. ಅಲ್ಲಿ ಯಾರೇ ಕುಳಿತಿದ್ದರೂ ಅವ್ವನ ಮುಖ ನೋಡಿ ಏಳುತ್ತಿದ್ದರು. ನಾನು ನಾಚಿಕೆಯಿಂದ ಹಿಂದೆಯೇ ನಿಲ್ಲುತ್ತಿದ್ದೆ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಅಷ್ಟೊಂದು ನಾಚಿಕೆ ಎಲ್ಲಿಂದ ಬಂದಿತ್ತೋ!

ಆ ವರ್ಷ ಮಾಮಾನ ಮಗಳ ಮದುವೆಗೆಂದು ಮುಂಬಯಿಗೆ ಹೋಗಿದ್ದೆವು. ಅಕ್ಕ ರತ್ನಾಗಿರಿಯಲ್ಲಿದ್ದಳು, ಭಾವನಿಗೆ ಅಲ್ಲಿ ನೌಕರಿ. ಮದುವೆ ಮುಗಿಸಿ ಅವಳನ್ನು ಹೆರಿಗೆಗೆ ಊರಿಗೆ ಕರೆತರುವುದೆಂದಿತ್ತು. ಕೂಸು ಕಾಯಲಿಲ್ಲ. ಮದುವೆ ಮನೆಗೇ ತಾರು ಬಂತು: ಹೆಣ್ಣು ಕೂಸು, ಬರುವ ಸೋಮವಾರ ತೊಟ್ಟಿಲು. ತಾಯಿಯ ತಾಯಿ ಹೊಲಿದ ಕುಂಚಿಗೆ ತೊಡಿಸದೆ ಕೂಸನ್ನು ತೊಟ್ಟಿಲಿಗೆ ಹಾಕುವ ರೂಢಿ ನಮ್ಮಲ್ಲಿಲ್ಲ. ಅವ್ವ ಆ ಗದ್ದಲದಲ್ಲೇ ಕುಳಿತು ಹೊಲಿದು ಮುಗಿಸಿದಳು. ಹಡಗಿನಲ್ಲಿ ಹೋದರೆ ಹೊತ್ತಿಗೆ ಮುಟ್ಟುತ್ತೀರಿ ಎಂದು ಮಾಮಾ ನಮ್ಮನ್ನು ದಕ್ಕೆಗೆ ತಂದುಬಿಟ್ಟ.

ಭೂತನಾಳದ ಕೆರೆಗಿಂತ ದೊಡ್ಡ ನೀರು ಕಾಣದವರು ನಾವು. ಸಮುದ್ರ ನೋಡಲೂ ಅವ್ವ ಬಿಡಲಿಲ್ಲ. ಜನ ಜಾಗ ಹಿಡಿಯಲು ಚಾಪೆ ಹೊತ್ತು ಓಡುವುದನ್ನು ಕಂಡದ್ದೇ ತಡ, ಹಡಗಿನ ಹೊಟ್ಟೆಯಲ್ಲಿದ್ದ ದುಂಡು ಕಿಟಕಿಗೆ ಗುರಿಯಿಟ್ಟು ಗಂಟು ಎಸೆದಳು.

"ಜಾಗಾ ಹಿಡದ್ನಿ! ನಡಿ ಬೇ!"

ಒಳಗೆ ಹೋಗಿ ನೋಡಿದರೆ ಅದು ಅಡುಗೆಯವನ ಉಗ್ರಾಣ, ಬಾಗಿಲಿಗೆ ಬೀಗ. ಗಂಟಿನಲ್ಲಿದ್ದದ್ದು ಕುಂಚಿಗೆ!

ಕಾರವಾರದ ಕಡೆಯ ಆ ಅಡುಗೆಯವನಿಗೆ ಕನ್ನಡ ಬರುತ್ತಿತ್ತು. "ಬೀಗದ ಕೈ ಮೇಸ್ತ್ರಿ ಹತ್ರ ಉಂಟಮ್ಮ. ಅವರು ಈಗ ಸಿಕ್ಕೋದಿಲ್ಲ."

"ಗಂಟ ನಂದೈತಿ ಅಂದಮ್ಯಾಗ ಜಾಗಾನೂ ನಂದ. ಬಾಗಲಾ ತಗಿ!"

"ಒಣಮೀನಿನ ಕೋಣೆ ಅದು. ಕೂತ್ಕೊಳ್ತೀರಾ?"

ಅವ್ವ ಸರ್ರನೆ ಹಿಂದೆ ಸರಿದಳು. "ಶಿವನ! ನನ್ನ ಕುಂಚಗಿ!"

"ಇದೇನ ಬಬಲೇಶ್ವರದ ಬಸ್ಸ್ ಏನಬೇ ಯವ್ವಾ?" ಎಂದೆ, ಹಲ್ಲು ಕಚ್ಚಿ.

"ಮತ್ತ ಕಿಟಕಿ ಯಾಕ ಇಟ್ಟಾರ?"

ಇಡೀ ದಾರಿ ಅವಳು ಆ ಬಾಗಿಲಿಗೆ ಬೆನ್ನು ಹಚ್ಚಿ ಕುಳಿತಳು, ಪಕ್ಕದಲ್ಲಿ ನಾನು ಮುಖ ಊದಿಸಿಕೊಂಡು. ರೊಟ್ಟಿ ಗಂಟನ್ನೂ ಬಿಚ್ಚಲಿಲ್ಲ.

ಇಳಿಯುವುದಂತೂ ಹತ್ತುವುದಕ್ಕಿಂತ ಫಜೀತಿ. ರತ್ನಾಗಿರಿಯಲ್ಲಿ ಹಡಗು ದಂಡೆಗೆ ಬರದೆ ನಡುನೀರಿನಲ್ಲೇ ನಿಂತಿತು. ದೋಣಿಗಳು ಅದರ ಬಗಲಿಗೆ ಬಂದವು. ದೋಣಿ ಮೇಲೆದ್ದಾಗ ಕಾಲಿಡಬೇಕು, ಇಳಿದಾಗ ಇಟ್ಟರೆ ಸಮುದ್ರ. ನಾನು ಟ್ರಂಕಿನ ಸಮೇತ ದೋಣಿಯಲ್ಲಿ ಬಿದ್ದೆ. ಅವ್ವ ಮಾತ್ರ ಹಡಗಿನ ಬಾಗಿಲಲ್ಲಿ ಕಂಬದ ಹಾಗೆ ನಿಂತಳು. ಹಿಂದಿನವರು ಮರಾಠಿಯಲ್ಲಿ ಬೈಗುಳ ಸುರಿಸುತ್ತಿದ್ದರು.

"ಇಳಿಬೇ, ಎಲ್ಲಾರೂ ಬೈಯಾಕತ್ತಾರ!"

"ಬೈಲಿ. ಕೂಸಿನ ಮುಂದ ಬರಿಗೈಲೆ ಹ್ಯಾಂಗ ನಿಂದರ್ಲಿ?"

ಅವಳ ದನಿ ಒಡೆಯಿತು. ಬಸ್ಸಿನವರನ್ನೆಲ್ಲ ಎಬ್ಬಿಸುತ್ತಿದ್ದ ಅವ್ವನ ಕಣ್ಣಲ್ಲಿ ನಾನು ನೀರು ಕಂಡದ್ದು ಅವತ್ತೇ ಮೊದಲು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಅಷ್ಟರಲ್ಲಿ ನನ್ನ ತಲೆಯ ಮೇಲಿನ ದುಂಡು ಕಿಟಕಿ ತೆರೆಯಿತು. ಅಂತೂ ಬೀಗದ ಕೈ ಸಿಕ್ಕಿತ್ತು. ಅಡುಗೆಯವನು ಕೂಗಿದ: "ಹಿಡ್ಕೋ ತಂಗೀ!" ಗಂಟು ನನ್ನ ಮಡಿಲಿಗೇ ಬಿತ್ತು. ಅವ್ವ ಮರುಗಳಿಗೆಯೇ ದೋಣಿಗೆ ಜಿಗಿದು, ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು: "ನೋಡಿದಿಲ್ಲ? ಕಿಟಕಿ ಇಟ್ಟದ್ದ ಇದಕ್ಕ."

ತೊಳೆದರೂ ಹೋಗದ ಆ ವಾಸನೆಯಲ್ಲೇ ಅಕ್ಕನ ಮಗಳು ತೊಟ್ಟಿಲೇರಿದಳು. ಆಮೇಲೆ ನನ್ನ ಮಕ್ಕಳು, ಅವರ ಮಕ್ಕಳು.

ಇದನ್ನೆಲ್ಲ ಕೇಳಿದ ಮೊಮ್ಮಗಳು ಕುಂಚಿಗೆಯನ್ನು ದೊಡ್ಡ ಪೆಟ್ಟಿಗೆಗೆ ಹಾಕಲು ಕೈ ಚಾಚಿದಳು. ನಾನು ಕೊಡಲಿಲ್ಲ. ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಂಡೆ.

"ಆಯಿ, ಸಾಮಾನೆಲ್ಲಾ ಅವರ ಒಯ್ತಾರ ಅಂತ ಎಷ್ಟ ಸಲಾ ಹೇಳ್ಲಿ?"

"ನಮ್ಮ ಖೋಲಿಗಿ ಕಿಟಕಿ ಐತೇನ?"

"ಐತಿ. ಆದ್ರ ತೆರಿಯೂದಿಲ್ಲ!" ಹಲ್ಲು ಕಚ್ಚಿ ಅಂದಳು, ಥೇಟ್ ಅಂದಿನ ನನ್ನ ಹಾಗೆ.

ನನಗಾದ ಹಿಗ್ಗು ಏನು ಹೇಳಲಿ! ಸಿಡುಕಲಿ, ಇನ್ನಷ್ಟು ಸಿಡುಕಲಿ. ಅವ್ವ ಟವೆಲು ಎಸೆದು ಹಿಡಿದಿಟ್ಟ ಜಾಗದಲ್ಲಿ ಈಗ ನಾನು ಕುಳಿತಿದ್ದೇನೆ.