ರಾಜಹಂಸಕ್ಕಿಂತ ಮೊದಲು ಹತ್ತೊಂಬತ್ತು ಹಕ್ಕಿಗಳು

ಟಕ್.

ಸ್ಟೀಲ್ ಸ್ಕೇಲಿನ ತುದಿ ಮೇಜಿನ ಅಂಚಿಗೆ ತಾಗಿದಾಗ ಬರುವ ಸದ್ದು. ನನ್ನ ಶನಿವಾರದ ಕ್ಲಾಸಿನಲ್ಲಿ ಅದಕ್ಕೆ ಒಂದೇ ಅರ್ಥ: ತಪ್ಪಾಯಿತು, ಮೊದಲನೇ ಕಾರ್ಡಿನಿಂದ ಮತ್ತೆ ಶುರು ಮಾಡು. ಮಕ್ಕಳನ್ನು ಬಾಯಿಬಿಟ್ಟು ಗದರುವುದು ನನಗೆ ಬರುವುದಿಲ್ಲ. ನನಗೆ ಕಲಿಸಿದ ಸಿಸ್ಟರುಗಳೂ ಗದರುತ್ತಿರಲಿಲ್ಲ. ಬೆಂಗಳೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಈ ಸದ್ದು ಕೇಳಿಯೇ ಬೆಳೆದವಳು ನಾನು. ಡಿಸಿಪ್ಲಿನ್ ಎಂದರೆ ಗಲಾಟೆಯಿಲ್ಲದ ವಸ್ತು ಎಂದು ಬಹಳ ಕಾಲ ನಂಬಿದ್ದೆ.

ನೆರೂಳದ ನಮ್ಮ ಸೊಸೈಟಿಯಲ್ಲಿ, ಅಕ್ಕಪಕ್ಕದ ಸೆಕ್ಟರುಗಳಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಅಮ್ಮ ಕನ್ನಡದಲ್ಲಿ ಕೇಳುತ್ತಾಳೆ, ಮಗು ಹಿಂದಿಯಲ್ಲಿ ಉತ್ತರ ಕೊಡುತ್ತದೆ. ಅಕ್ಷರವಂತೂ ಗೊತ್ತೇ ಇಲ್ಲ. ಆರೇಳು ವರ್ಷದವರನ್ನು ಕೂರಿಸಿಕೊಂಡು ಓದಲು ಕಲಿಸೋಣವೆಂದು ಕ್ಲಬ್‌ಹೌಸಿನ ಟೇಬಲ್ ಟೆನಿಸ್ ಮೇಜನ್ನು ಶನಿವಾರ ಸಂಜೆಗೆ ಕೇಳಿ ಪಡೆದೆ. ಪಾಠಕ್ಕೆ ಹಕ್ಕಿಗಳನ್ನು ಆರಿಸಿಕೊಂಡಿದ್ದಕ್ಕೆ ಕಾರಣ ನನ್ನ ಯಜಮಾನರ ಬೈನಾಕ್ಯುಲರ್ಸ್. ರಿಟೈರ್ ಆದ ಮೇಲೆ ಅವರು ದಿನಾ ಬೆಳಿಗ್ಗೆ ಸಮುದ್ರದ ನೀರು ಒಳನುಗ್ಗುವ ಖಾಡಿಯ ಕಡೆ ಹೋಗಿ ಹಕ್ಕಿ ನೋಡಿ ಬರುತ್ತಿದ್ದರು. ನಾನು ಚಹಾ ಮಾಡಿಟ್ಟುಕೊಂಡು ಕಾಯುತ್ತಿದ್ದೆ. ಅವರು ತೀರಿಹೋದ ಮೇಲೆ ಆ ದುರ್ಬೀನು ನನ್ನ ಕೊರಳಿಗೆ ಬಂತು. ಅಲ್ಲಿಯವರೆಗೆ ನನಗೆ ಗೊತ್ತಿದ್ದ ಹಕ್ಕಿಯೆಂದರೆ ನಮ್ಮ ಕ್ಲಾಸ್‌ರೂಮಿನ ಗೋಡೆಯ ಚಾರ್ಟಿನಲ್ಲಿದ್ದ ಇಂಗ್ಲೆಂಡಿನ ರಾಬಿನ್. ಅದರ ಮೇಲೆ ಪದ್ಯ ಹೇಳಿ ಪ್ರೈಜ್ ಕೂಡ ತಗೊಂಡಿದ್ದೆ. ಇವತ್ತಿನವರೆಗೂ ಅದನ್ನು ನೋಡಿಲ್ಲ.

ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ ಕತ್ತರಿಸಿ ಇಪ್ಪತ್ತು ಕಾರ್ಡು ಮಾಡಿದೆ. ಒಂದು ಬದಿ ಚಿತ್ರ, ಇನ್ನೊಂದು ಬದಿ ಎರಡು ವಾಕ್ಯ. ‘ಇದು ಕಾಗೆ. ಕಾಗೆ ಕಾಳು ತಿನ್ನುತ್ತದೆ.’ ಗಿಳಿ, ಗೂಬೆ, ಕಾಗೆ, ನವಿಲು ಮೊದಲು, ಏಕೆಂದರೆ ಆ ಹೆಸರುಗಳಲ್ಲಿ ಒತ್ತಕ್ಷರವಿಲ್ಲ. ಆಮೇಲೆ ಗುಬ್ಬಿ, ಹದ್ದು, ಬೆಳ್ಳಕ್ಕಿ, ಕೊಕ್ಕರೆ. ಹತ್ತೊಂಬತ್ತನೆಯದು ಮಿಂಚುಳ್ಳಿ, ಎಲ್ಲರೂ ಎಡವುವ ಜಾಗ. ಕೊನೆಯದು ರಾಜಹಂಸ. ಇಲ್ಲಿನವರು ಫ್ಲೆಮಿಂಗೊ ಅನ್ನುತ್ತಾರೆ. ಓದಲು ಅದೇನೂ ಕಷ್ಟವಿಲ್ಲ. ಅದನ್ನು ಬಹುಮಾನವಾಗಿ ಕೊನೆಗಿಟ್ಟಿದ್ದೆ. ಯಾರು ಇಪ್ಪತ್ತನ್ನೂ ಒಂದೂ ತಪ್ಪಿಲ್ಲದೆ ಓದುತ್ತಾರೋ ಅವರನ್ನು ಮರುದಿನ ಬೆಳಿಗ್ಗೆ ಕೆರೆಗೆ ಕರೆದುಕೊಂಡು ಹೋಗಿ ನಿಜವಾದ ರಾಜಹಂಸ ತೋರಿಸುವುದು. ಚಳಿಗಾಲದಲ್ಲಿ ಅವು ಬರುತ್ತವೆ, ಮಳೆಗೆ ಮುಂಚೆ ಹೊರಡುತ್ತವೆ. ಖಾಡಿಯಲ್ಲಿ ಉಬ್ಬರ ಬಂದಾಗ ನಮ್ಮ ಸೆಕ್ಟರಿನ ಹಿಂದಿನ ಕೆರೆಗೆ ಸಾವಿರಗಟ್ಟಲೆ ಬಂದು ನಿಲ್ಲುತ್ತವೆ.

ಕೋಪರಖೈರಣೆಯಿಂದ ಒಂದು ಹುಡುಗಿ ಬರುತ್ತಿದ್ದಳು. ಆರೂವರೆ ವರ್ಷ, ಮುಂದಿನ ಹಲ್ಲು ಎರಡೂ ಇಲ್ಲ. ಅವಳ ಅಪ್ಪ ಅಲ್ಲಿ ಒಂದು ಉಡುಪಿ ಹೋಟೆಲಿನ ಅಡುಗೆಯವರು. ಹೋಟೆಲಿನ ಹಿಂದಿನ ರೂಮಿನಲ್ಲೇ ಮನೆ. ಅಮ್ಮ ಅವಳನ್ನು ಟ್ರೇನಿನಲ್ಲಿ ಕರೆತಂದು, ಹಿಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಫೋನಿನಲ್ಲಿ ಯಾರೊಂದಿಗೋ ಮೆಲ್ಲಗೆ ತುಳುವಿನಲ್ಲಿ ಮಾತಾಡುತ್ತಿದ್ದರು.

ಜನವರಿಯ ಒಂದು ಶನಿವಾರ ಹುಡುಗಿ ಮೂರನೇ ಕಾರ್ಡು ಎತ್ತಿಕೊಂಡು ಓದಿದಳು. “ಇದು ಕಾಗೆ. ಕಾಗೆ ವಡಾ ತಿನ್ನುತ್ತದೆ.”

ಟಕ್.

“ಕಾರ್ಡಿನಲ್ಲಿ ಏನಿದೆ ಪುಟ್ಟಾ? ಸರಿಯಾಗಿ ನೋಡು.”

“ಕಾಳು ಅಂತ ಉಂಟು ಟೀಚರ್. ಆದ್ರೆ ನಮ್ಮ ಕಾಗೆ ಕಾಳು ನಹೀ ಖಾತಾ. ವಡಾ ಕೊಟ್ರೆ ಸಾಂಬಾರಿನ ನೀರಲ್ಲಿ ಅದ್ದಿ ತಿನ್ತದೆ.”

ಉಳಿದ ಮಕ್ಕಳು ನಗಲು ಶುರು ಮಾಡಿದರು. “ಟೀಚರ್, ಚಟ್ನಿ ಬೇಡ್ವಂತಾ ಕೇಳಿ!” ಎಂದು ಒಬ್ಬ ಕೂಗಿದ.

ನಾನೂ ಆಗ ನಕ್ಕುಬಿಡಬೇಕಿತ್ತು. “ರೀಡ್ ವಾಟ್ ಈಸ್ ರಿಟನ್,” ಅಂದೆ. “ಫ್ರಮ್ ದ ಬಿಗಿನಿಂಗ್.” ಅವಳು ಕಾರ್ಡು ಕೆಳಗಿಟ್ಟು ಮತ್ತೆ ಗಿಳಿಯಿಂದ ಹೊರಟಳು.

ಅವಳಿಗೆ ಅಕ್ಷರ ಬರುತ್ತಿರಲಿಲ್ಲವೆಂದಲ್ಲ. ಒತ್ತಕ್ಷರವನ್ನು ಆ ಬ್ಯಾಚಿನಲ್ಲಿ ಮೊದಲು ಹಿಡಿದವಳು ಅವಳೇ. ಆದರೆ ಪ್ರತಿ ಹಕ್ಕಿಗೂ ಅವಳ ಬಳಿ ಮೂರನೆಯ ವಾಕ್ಯವೊಂದು ಇರುತ್ತಿತ್ತು, ಅದನ್ನು ಹೇಳದೆ ಮುಂದಿನ ಕಾರ್ಡಿಗೆ ಹೋಗಲು ಆಗುತ್ತಿರಲಿಲ್ಲ. ಪಾರಿವಾಳ ಎಕ್ಸಾಸ್ಟ್ ಫ್ಯಾನಿನ ತೂತಿನಲ್ಲಿ ಎರಡೇ ಎರಡು ಕಡ್ಡಿ ಇಟ್ಟು ಮೊಟ್ಟೆಯಿಡುತ್ತದೆ. ಹದ್ದನ್ನು ಕಾಗೆಗಳು ಅಟ್ಟಿಸಿಕೊಂಡು ಹೋಗುತ್ತವೆ, ಅದು ಅಷ್ಟು ದೊಡ್ಡದಿದ್ದರೂ ತಿರುಗಿ ಕಚ್ಚುವುದಿಲ್ಲ. ಇವೆಲ್ಲ ನಿಜ. ನಿಜವೆಂದು ನನಗೂ ಗೊತ್ತಿತ್ತು. ಆದರೂ ಸ್ಕೇಲು ಮೇಜಿಗೆ ತಾಗುತ್ತಿತ್ತು.

ಫೆಬ್ರವರಿಯಲ್ಲಿ ನಾಲ್ಕು ಮಕ್ಕಳು ಇಪ್ಪತ್ತೂ ಮುಗಿಸಿದರು. ಅವರನ್ನು ಕೆರೆಗೆ ಕರೆದೊಯ್ದೆ. ನೀರಿನ ತುಂಬಾ ಗುಲಾಬಿ. ಒಬ್ಬ ಎರಡು ನಿಮಿಷ ದುರ್ಬೀನು ಹಿಡಿದು, “ಆಂಟಿ, ಇವು ಏನೂ ಮಾಡ್ತಾನೇ ಇಲ್ಲ,” ಎಂದು ಬಿಸ್ಕತ್ತು ಕೇಳಿದ. ಮುಂದಿನ ಶನಿವಾರ ಆ ನಾಲ್ವರೂ ಹೋಗಿ ಬಂದ ಕಥೆಯನ್ನು ಹೇಳುವಾಗ ಹುಡುಗಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದಳು. ಅವು ಮಂಡಿ ಯಾವ ಕಡೆ ಮಡಿಸುತ್ತವೆ? ಮಲಗುವಾಗ ಕುತ್ತಿಗೆ ಎಲ್ಲಿಡುತ್ತವೆ? ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಏಪ್ರಿಲಿನ ಒಂದು ಸಂಜೆ ಅವಳು ಹತ್ತೊಂಬತ್ತನೆಯದನ್ನು ಮುಟ್ಟಿದಳು. “ಇದು ಮಿಂಚುಳ್ಳಿ. ಮಿಂಚುಳ್ಳಿ ಮೀನು ಹಿಡಿಯುತ್ತದೆ.” ಕ್ಲಾಸು ಉಸಿರು ಬಿಗಿಹಿಡಿದಿತ್ತು. ಅಮ್ಮ ಫೋನನ್ನು ಮಡಿಲಲ್ಲಿಟ್ಟಿದ್ದರು. ಇನ್ನೊಂದು ಕಾರ್ಡು ಅಷ್ಟೇ. ಹುಡುಗಿ ತುಟಿ ಒತ್ತಿ ಹಿಡಿದಳು, ಅದುಮಿಕೊಂಡಳು, ಆಗಲಿಲ್ಲ. “ಹಿಡಿದು ವಯರಿನ ಮೇಲೆ ಕೂತು ಹೀಗೆ ಹೀಗೆ ಬಡೀತದೆ ಟೀಚರ್, ನಾವು ಬಟ್ಟೆ ಒಗೆದ ಹಾಗೆ! ನಾಲೆ ಹತ್ರ ನೋಡಿದ್ದೆ ನಾನು.” ಕೈಯನ್ನು ಎಡಕ್ಕೂ ಬಲಕ್ಕೂ ಬೀಸಿ ತೋರಿಸಿದಳು.

ಟಕ್.

ಕ್ಲಾಸು ಮುಗಿದ ಮೇಲೆ ಅಮ್ಮ ಮೇಜಿನ ಹತ್ತಿರ ಬಂದರು. “ಟೀಚರ್, ಇವಳನ್ನೊಮ್ಮೆ ಕರ್ಕೊಂಡು ಹೋಗಿ ಮಾರಾಯ್ರೆ. ರಾತ್ರಿ ಮಲಗುವಾಗಲೂ ಅದೇ ಹಕ್ಕಿ. ಅಷ್ಟು ಓದಿದ್ಲಲ್ಲ, ಸಾಕಾಗ್ಲಿಲ್ವಾ?”

“ನೀವೇ ಒಂದು ದಿನ ಕರೆದುಕೊಂಡು ಹೋಗಬಹುದಲ್ಲ?”

“ಅಯ್ಯೋ, ಬೆಳಿಗ್ಗೆ ಆರಕ್ಕೆ ನಂಗೆ ಇಡ್ಲಿ ಹಿಟ್ಟು, ಚಟ್ನಿ. ಮತ್ತೆ ಅವಳು ಒಪ್ಪೂದಿಲ್ಲ. ಟೀಚರೇ ತೋರಿಸ್ಬೇಕಂತೆ, ಗೆದ್ದು ಹೋಗ್ಬೇಕಂತೆ.”

ಅವಳಿಗೊಬ್ಬಳಿಗೆ ರೂಲ್ ಸಡಿಲಿಸಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ ಎಂದೆ. ಮಗುವಿಗೆ ಅಟೆನ್ಶನ್ ಸಾಲದು, ಅದೊಂದು ಬಂದರೆ ಮುಂದೆ ಎಲ್ಲವೂ ಬರುತ್ತದೆ ಎಂದೂ ಸೇರಿಸಿದೆ. ಅಮ್ಮ ತಲೆಯಾಡಿಸಿದರು. ಟೀಚರ್ ಹೇಳಿದ ಮೇಲೆ ಅದು ಸರಿಯೇ ಇರಬೇಕು ಎಂದುಕೊಳ್ಳುವಂಥವರು ಅವರು.

ಮೇ ತಿಂಗಳ ಮಧ್ಯದಲ್ಲಿ ಅವರಿಬ್ಬರೂ ಕ್ಲಾಸಿಗೆ ಅರ್ಧ ಗಂಟೆ ಮೊದಲೇ ಬಂದರು. ಅಂಬರನಾಥದಲ್ಲಿ, ಕಾರ್ಖಾನೆಗಳ ಹತ್ತಿರ, ಅವಳ ಸೋದರಮಾವ ಹೋಟೆಲ್ ತೆಗೆಯುತ್ತಿದ್ದರು. ಅಪ್ಪನಿಗೆ ಅಲ್ಲಿ ಪಾಲುಗಾರಿಕೆ. ನಾಳೆ ಮಧ್ಯಾಹ್ನವೇ ಟೆಂಪೋ ಬರುತ್ತದೆ. “ಇವತ್ತು ಕೊನೆ ಕ್ಲಾಸು ಟೀಚರ್,” ಅಂದರು ಅಮ್ಮ. “ಒಂದು ತಿಂಗಳಿಂದ ಮನೇಲಿ ನಾನೇ ಕೂರಿಸಿ ಓದಿಸಿದ್ದೇನೆ. ಎಕ್ಸ್‌ಟ್ರಾ ಮಾತಾಡಿದ್ರೆ ನಾನೂ ಚಮಚದಲ್ಲಿ ಟಕ್ ಅಂತ ಬಡೀತೇನೆ.” ಹೆಮ್ಮೆಯಿಂದ ನಕ್ಕರು.

ಹುಡುಗಿ ಎದ್ದು ನಿಂತು ಓದಿದಳು. ಗಿಳಿ, ಗೂಬೆ, ಕಾಗೆ. ಕಾಗೆ ಕಾಳು ತಿಂದಿತು. ಹದ್ದು ಎತ್ತರ ಹಾರಿತು, ಅದನ್ನು ಯಾರೂ ಅಟ್ಟಿಸಿಕೊಂಡು ಹೋಗಲಿಲ್ಲ. ಮಿಂಚುಳ್ಳಿ ಮೀನು ಹಿಡಿಯಿತು, ಅಷ್ಟೇ. ದನಿ ಒಂದೇ ಮಟ್ಟದಲ್ಲಿತ್ತು, ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹಾಗೆ. ಇಪ್ಪತ್ತೂ ಮುಗಿಯಿತು. ನಾನು ಎದ್ದು ಚಪ್ಪಾಳೆ ತಟ್ಟಿದೆ. ಎಕ್ಸಲೆಂಟ್ ಅಂದೆ. ಆ ಕ್ಷಣ ನನಗಾದದ್ದು ಶುದ್ಧ ಸಂತೋಷ, ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನು ಗೆದ್ದೆ ಎನಿಸಿತ್ತು.

ಮರುದಿನ ಬೆಳಿಗ್ಗೆ ಆರೂವರೆಗೆ ಅವರು ಆಟೋದಲ್ಲಿ ಕೆರೆಯ ಹತ್ತಿರ ಬಂದಿಳಿದರು. ಹುಡುಗಿಗೆ ಜರಿ ಅಂಚಿನ ಲಂಗ ತೊಡಿಸಿದ್ದರು, ಎರಡು ಜಡೆ, ಎರಡಕ್ಕೂ ಹೂವು. ಮಂಡಿನೋವೆಂದು ಆ ವಾರ ನಾನು ಕೆರೆಯ ಕಡೆ ಹೋಗಿರಲಿಲ್ಲ. ಏರಿ ಹತ್ತಿ ನೋಡಿದರೆ ನೀರಿನಲ್ಲಿ ಒಂದು ರಾಜಹಂಸವೂ ಇಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ದುರ್ಬೀನು ಆಡಿಸಿದೆ. ವಾಕಿಂಗಿಗೆ ಬಂದಿದ್ದ ಒಬ್ಬರು ನಿಂತು, “ಗೇಲೇ ಆಜೀ, ಸಗ್ಳೇ ಗೇಲೇ. ಮಂಗಳವಾರ್‌ಪಾಸೂನ್ ಏಕಹೀ ನಾಹೀ,” ಅಂದರು. ಎಲ್ಲ ಹೊರಟುಹೋಗಿದ್ದವು, ಮಂಗಳವಾರದಿಂದ ಒಂದೂ ಇಲ್ಲ.

ಹುಡುಗಿ ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಏನಾದರೂ ತೋರಿಸಬೇಕೆಂದು ನಾನು ಪರದಾಡಿದೆ. ಹತ್ತು ಹೆಜ್ಜೆ ದೂರದ ಕೆಸರಿನಲ್ಲಿ ಒಂದು ಬೆಳ್ಳಕ್ಕಿ ನಿಂತಿತ್ತು. ಒಂದು ಕಾಲನ್ನು ನೀರಿನೊಳಗೆ ನಡುಗಿಸಿ ಮೀನನ್ನು ಎಬ್ಬಿಸುತ್ತಿತ್ತು. ಹಳದಿ ಬೆರಳು, ಕಪ್ಪು ಕಾಲು. ಅದು ಏನು ಮಾಡುತ್ತಿದೆಯೆಂದು ಈ ಹುಡುಗಿಯೇ ನನಗೆ ಹೇಳಬೇಕಿತ್ತು. “ನೋಡು ಪುಟ್ಟಾ, ಅಲ್ಲಿ,” ಎಂದು ದುರ್ಬೀನು ಕೊಡಲು ಹೋದೆ.

ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತಳು. ಕಣ್ಣು ನನ್ನ ಮುಖದ ಮೇಲಿತ್ತು.

“ಇದು ಬೆಳ್ಳಕ್ಕಿ. ಬೆಳ್ಳಕ್ಕಿ ಮೀನು ತಿನ್ನುತ್ತದೆ.” ಆಮೇಲೆ ಕೇಳಿದಳು, “ಕರೆಕ್ಟ್ ಆಯ್ತಾ ಟೀಚರ್?”

ಕರೆಕ್ಟ್ ಅಂದೆ. ನೋವಿದ್ದರೂ ಮಂಡಿಯೂರಿ ಕೂತು, ಮತ್ತೇನು ಕಾಣಿಸುತ್ತದೆ ಹೇಳು, ನಿನಗೆ ತೋಚಿದ್ದೆಲ್ಲ ಹೇಳು ಅಂದೆ. ಅವಳು ಅಮ್ಮನ ಕಡೆ ನೋಡಿದಳು, ಇದು ಹೊಸ ಪರೀಕ್ಷೆಯೇನೋ ಎಂಬಂತೆ. ಆಮೇಲೆ ಅದೇ ಎರಡು ವಾಕ್ಯಗಳನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಿದಳು.

“ಬೇಜಾರು ಮಾಡ್ಬೇಡಿ ಟೀಚರ್,” ಎಂದು ಅಮ್ಮ ನನ್ನನ್ನೇ ಸಮಾಧಾನಪಡಿಸಿದರು. “ಬರುವ ವರ್ಷ ಅಂಬರನಾಥದಿಂದ ಒಂದು ಭಾನುವಾರ ಬರ್ತೇವೆ.” ಬನ್ನಿ, ಖಂಡಿತ ಬನ್ನಿ ಅಂದೆ. ಫೋನ್ ನಂಬರ್ ಬರೆದುಕೊಂಡೆ. ಆಮೇಲೆ ಎರಡು ಚಳಿಗಾಲ ರಾಜಹಂಸಗಳು ಬಂದು ಹೋದವು. ಎರಡು ಸಲವೂ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟಿದ್ದೇನೆ.

ಆ ಬೆಳಿಗ್ಗೆ ಆಟೋ ಕಾಯುತ್ತಿತ್ತು. ಅಮ್ಮ ಮೊದಲು ಹತ್ತಿ ಮಗಳನ್ನು ಎಳೆದುಕೊಂಡರು. ಅಷ್ಟರಲ್ಲಿ ರಸ್ತೆಯಾಚೆಯ ವಿದ್ಯುತ್ ತಂತಿಗೆ ಒಂದು ಮಿಂಚುಳ್ಳಿ ಬಂದು ಕೂತಿತು, ಕೊಕ್ಕಿನಲ್ಲಿ ಇನ್ನೂ ಒದ್ದಾಡುವ ಮೀನು. ನಾನು ಕೈ ಎತ್ತಿ ತೋರಿಸಿದೆ. ನಾನು ಟಾಟಾ ಮಾಡುತ್ತಿದ್ದೇನೆಂದುಕೊಂಡು ಅವಳೂ ಕೈಬೀಸಿದಳು, ಹಲ್ಲಿಲ್ಲದ ಬಾಯಿ ತುಂಬಾ ನಕ್ಕಳು. ಆಟೋ ಪಾಮ್ ಬೀಚ್ ರಸ್ತೆಯ ಕಡೆ ತಿರುಗಿತು.