ಸ್ವಿಚ್ ಒತ್ತುವ ಹಕ್ಕು

ಅಕ್ಕನ ಮನೆಯ ಮೊದಲ ಕಂಪ್ಯೂಟರ್ ಕೆನೆಬಣ್ಣದ್ದಾಗಿತ್ತು ಎಂದು ನನ್ನ ನೆನಪು. ಆಣೆ ಮಾಡಿ ಹೇಳಲಾರೆ. ತೊಂಬತ್ತರ ದಶಕದ ನಡುವಿನ ನನ್ನ ದಿನಚರಿಯಲ್ಲಿ ಬಣ್ಣದ ಮಾತಿಲ್ಲ. ಅದನ್ನು ಆರಿಸಿಕೊಟ್ಟ ನನ್ನ ಜಾಣತನದ ಮಾತೇ ತುಂಬಿದೆ.

ಅಕ್ಕನ ಮನೆ ವಿಲಾಯತಿಯ ಎಜ್‌ವೇರ್‌ನಲ್ಲಿ; ಭಾವ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಧಾರವಾಡದಿಂದ ಬಂದಾಗ ಎಸ್ಕಲೇಟರಿನಲ್ಲಿ ಯಾವ ಬದಿಗೆ ನಿಲ್ಲಬೇಕು, ಜಿಪಿ ಎಂಬ ಬಡಾವಣೆ ಡಾಕ್ಟರ ಮುಂದೆ ಏನು ಹೇಳಬೇಕು, ಯಾವ ಅಂಗಡಿಯ ಹಿಟ್ಟಿಗೆ ಚಪಾತಿ ಮೆತ್ತಗಾಗುತ್ತದೆ, ಎಲ್ಲ ಕಲಿಸಿದವಳು ಅವಳೇ. ಅವಳು ನನ್ನನ್ನು ಕೇಳುತ್ತಿದ್ದುದು ಕಂಪ್ಯೂಟರ್ ಬಗ್ಗೆ ಮಾತ್ರ. ಆ ಒಂದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಕಂಪ್ಯೂಟರ್ ಪತ್ರಿಕೆಗಳನ್ನು ಒಂದೂ ಬಿಡದೆ ಓದುತ್ತಿದ್ದ ನನಗೆ ಅಭಿಪ್ರಾಯಗಳ ಕೊರತೆ ಇರಲಿಲ್ಲ. ಮೆಮೊರಿಗೆ ಕೈ ಬಿಗಿಹಿಡಿಯಬೇಡಿ. ಪ್ರಿಂಟರ್ ಅಗ್ಗವೆಂದು ಹಿಗ್ಗಬೇಡಿ, ಇಂಕಿನ ಬೆಲೆ ನೋಡಿ. ಅಲ್ಲಿದ್ದ ನಮ್ಮ ಕಡೆಯವರ ಮನೆಗಳಲ್ಲಿ ಒಂದು ರೂಢಿಯೂ ಬೆಳೆದಿತ್ತು: ಹೊಸ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಆರಿಸಿಕೊಟ್ಟವರ ಕೈಯಿಂದ ಮೊದಲ ಸಲ ಸ್ವಿಚ್ ಒತ್ತಿಸುವುದು. ಎಲ್ಲೆಡೆ ಒತ್ತುತ್ತಿದ್ದವಳು ನಾನು. "ಫ್ಯಾನಿನ ಕಿಂಡಿಗೆ ಕುಂಕುಮ ಹಚ್ಚಬ್ಯಾಡ್ರಿ" ಎಂದು ಗದರುತ್ತಿದ್ದವಳೂ ನಾನೇ.

ಹತ್ತು ವರ್ಷವಾದರೂ ಕಳೆದಿರಬೇಕು. ಒಂದು ಭಾನುವಾರ ಹೋದರೆ, ಅಕ್ಕನ ಅಡುಗೆಕಟ್ಟೆಯ ಮೇಲೆ, ಒಗ್ಗರಣೆ ಡಬ್ಬಿಯ ಪಕ್ಕದಲ್ಲಿ ಪುಟ್ಟ ಲ್ಯಾಪ್‌ಟಾಪ್. ಮುಚ್ಚಳದ ಮೇಲೆ ಕುಂಕುಮದ ಬೊಟ್ಟು.

"ಯಾವಾಗ ತಂದಿ?"

"ಹ್ವಾದ ವಾರ. ಇಕಿನಽ ಆರಿಸಿಕೊಟ್ಲು."

ಇಕಿ ಎಂದರೆ ಭಾವನ ತಂಗಿ, ಅಕ್ಕನನ್ನು ವೈನಿ ಎಂದು ಕರೆಯುವವಳು. ಅಕ್ಸ್‌ಬ್ರಿಡ್ಜ್‌ನ ಆಫೀಸೊಂದರಲ್ಲಿ ಕೆಲಸ. ಅಲ್ಲೇ ಕೂತು ಚಹಾ ಕುಡಿಯುತ್ತಿದ್ದಳು.

"ಮೆಮೊರಿ ಎಷ್ಟದ?" ಎಂದೆ ಅವಳಿಗೆ.

"ಅಯ್ಯ, ಅದೆಲ್ಲಾ ನಿಮಗಽ ಗೊತ್ತಾಗಬೇಕ್ರಿ!" ನಕ್ಕಳು. "ಇದರಾಗ ಏನ್ ಮಾಡ್ತೀರಿ ವೈನಿ ಅಂತ ಕೇಳಿದೆ, ಅಷ್ಟಽ. ಒಲಿ ಮುಂದ ನಿಂತು, ಊರಾಗಿನ ಅವ್ವನ ಮಾರಿ ನೋಡ್ಕೋತ ಮಾತಾಡಬೇಕು ಅಂದ್ರು."

"ಸ್ಕ್ರೀನ್ ಭಾಳ ಸಣ್ಣದಾತು," ಎಂದೆ ಅಕ್ಕನಿಗೆ.

"ಅವ್ವನ ಮಾರಿ ಹಿಡಸ್ತದಲ್ಲಾ. ಸಾಕು ಬಿಡವಾ."

ನಮ್ಮವ್ವನ ಮುಖ. ಅದನ್ನು ತಂದುಕೊಟ್ಟವಳು ಅಕ್ಕನ ನಾದಿನಿ. ಸ್ವಿಚ್ಚನ್ನೂ ಅವಳೇ ಒತ್ತಿದಳೇನು ಎಂದು ಕೇಳದೆ ಇರಲಾಗಲಿಲ್ಲ.

"ಒತ್ತಽ ಅಂದೆ. ನೀವಽ ಒತ್ರಿ ವೈನಿ ಅಂದ್ಲು. ನಾನಽ ಒತ್ತಿದೆ ನೋಡು!" ಅಕ್ಕನ ಮುಖ ಅರಳಿತ್ತು.

ನಾದಿನಿ ಒತ್ತಿದ್ದರೆ ಹೇಗೋ ಸಹಿಸುತ್ತಿದ್ದೆ.

ನಾನು ಕೊಡಿಸಿದ್ದ ಆ ಮೊದಲ ಕಂಪ್ಯೂಟರ್ ಮಹಡಿಯ ಕೋಣೆಯಲ್ಲಿ ಕಸೂತಿಯ ಬಟ್ಟೆ ಹೊದ್ದು ಕೂತಿರುತ್ತಿತ್ತು. ಅಕ್ಕ ಎಷ್ಟು ಜೋಪಾನ ಮಾಡುತ್ತಾಳೆ ಎಂದು ಆಗ ಹಿಗ್ಗಿದ್ದೆ. ನಾದಿನಿ ಹೊರಟುಹೋದ ಮೇಲೆ, ಚಹಾದ ಕಪ್ಪು ತೊಳೆಯುತ್ತಿದ್ದ ಅಕ್ಕನ ಬೆನ್ನಿಗೆ ಕೇಳಿದೆ: "ನಾ ಇಲ್ಲದಾಗ ಅದನ್ನ ಒಂದ ಸಲನಾದ್ರೂ ನೀ ಒಬ್ಬಾಕಿನಽ ಚಾಲೂ ಮಾಡಿದ್ಯೇನಕ್ಕಾ?"

ನಲ್ಲಿಯ ಸದ್ದಿಗೆ ಕೇಳಿಸಲಿಲ್ಲವೇನೋ. ಈಚೆಗೆ ಫೋನಿನಲ್ಲಿ ಮತ್ತೆ ಅದನ್ನೇ ಕೇಳಿದೆ.

"ಯಾವುದವಾ, ಆ ಬೂದಿ ಬಣ್ಣದ್ದೇನು?" ಎಂದಳು. ಫೋನ್ ಇಟ್ಟು ದಿನಚರಿ ತಿರುವಿದೆ; ಅದರಲ್ಲಿ ಕೆನೆಯೂ ಇಲ್ಲ, ಬೂದಿಯೂ ಇಲ್ಲ.