ಅಜ್ಜಿ ನೆಟ್ಟ ಒಣಕೋಲು

1956ರ ಬೇಸಿಗೆಯಲ್ಲಿ ರಾಜಾಜಿನಗರದ ನಮ್ಮ ಅಡ್ಡರಸ್ತೆಯವರು, ಮೂಲೆ ಮನೆ ಅಜ್ಜಿಯ ಹಿತ್ತಲನ್ನು ಬೋಳು ಮಾಡಿಸಬೇಕೆಂದು ಬಡಾವಣೆಯ ಕಚೇರಿಗೆ ಅರ್ಜಿ ಕೊಟ್ಟರು. ಪತ್ರಿಕೆಯಲ್ಲಿ ಕೆಲಸ ಮಾಡುವವನು, ಭಾಷೆ ಚೆನ್ನಾಗಿರುತ್ತದೆ ಎಂದು ನನ್ನಿಂದ ಬರೆಸಿದರು. ನಾನು ಬರೆದೆ.

ಅಜ್ಜಿಯ ಎರಡೂ ಅಂಗೈಗಳಲ್ಲಿ ಕಾರೆಮುಳ್ಳು ಗೀರಿ ಗೀರಿ, ಮಾಂಸ ಕಡಿಯುವ ಕೊರಡಿನ ಹಾಗೆ ಅಡ್ಡಾದಿಡ್ಡಿ ಗೆರೆ ಬಿದ್ದಿದ್ದವು. ಬಡಾವಣೆಯಾಗುವ ಮುಂಚೆ ಅಲ್ಲಿ ಅವರ ರಾಗಿ ಹೊಲವಿತ್ತು. ಹೊಲ ಹೋಗಿ ಒಂದು ಸೈಟು ಸಿಕ್ಕಿತು. ಸೈಟಿನ ಹಿಂಭಾಗದಲ್ಲಿ ಹಳೆಯ ಬದುವಿನ ತುಂಡೊಂದು ಉಳಿದಿತ್ತು. ಅದರ ಮೇಲೆ ಕಾರೆ, ಕವಳೆ, ತಂಗಡಿ, ಲೆಕ್ಕಿಯಂಥ ಕುರುಚಲು ಗಿಡಗಳು. ಅಜ್ಜಿ ಒಂದನ್ನೂ ಕಡಿಯಲಿಲ್ಲ. ಖಾಲಿ ಇದ್ದ ಕಡೆ ಆಳೆತ್ತರದ ಒಣಕೋಲುಗಳನ್ನು ಹೂತು ತುದಿಗೆ ಅಡ್ಡಕಡ್ಡಿ ಕಟ್ಟಿದ್ದರು. ಹಕ್ಕಿ ಬಂದು ಕೂತು ಹುಳ ಹೆಕ್ಕಲಿ ಎಂದು ರಾಗಿ ಹೊಲದಲ್ಲಿ ನೆಡುತ್ತಿದ್ದ ಕೋಲುಗಳೇ ಅವು. ಹಣ್ಣು ತಿಂದ ಹಕ್ಕಿ ಅದರ ಮೇಲೆ ಕೂತು ಹಿಕ್ಕೆ ಹಾಕುತ್ತಿತ್ತು. ಮಳೆ ಬಿದ್ದರೆ ಬುಡದಲ್ಲಿ ಹೊಸ ಗಿಡ ಏಳುತ್ತಿತ್ತು.

ನಮ್ಮ ತೋಟಗಳ ವಿಷಯವನ್ನೂ ಹೇಳಬೇಕು. ಪ್ರತಿ ಮನೆಯ ಮುಂದೂ ಅದೇ ಕ್ರೋಟನ್, ಸುಣ್ಣ ಬಳಿದ ಓರೆ ಇಟ್ಟಿಗೆಯ ಅಂಚು, ಯಾರೂ ಕಾಲಿಡಬಾರದ ಹುಲ್ಲು. ಒಂದು ಚಿಟ್ಟೆಗೂ ಅಲ್ಲಿ ಕೆಲಸವಿರಲಿಲ್ಲ. ಅಜ್ಜಿ ಅವನ್ನು ತಗಡಿನ ತೋಟ ಎನ್ನುತ್ತಿದ್ದರು. ಒಮ್ಮೆ ನಮ್ಮ ಕ್ರೋಟನ್ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ದಿನಾ ಒರೆಸ್ತೀಯೇನಪ್ಪಾ?" ಎಂದು ಕೇಳಿದರು. ನಾನು ಒರೆಸುತ್ತಿದ್ದೆ.

ಬೀದಿಗೆ ಹಿರಿಯರು ಒಬ್ಬ ನಿವೃತ್ತ ಅಮಲ್ದಾರರು. ಜೀವಮಾನವಿಡೀ ಗಡಿ ತಕರಾರು ತೀರಿಸಿದವರಿಗೆ, ನೆಟ್ಟ ಕೋಲು ಕಂಡರೆ ಒತ್ತುವರಿ ಎಂದೇ ಅರ್ಥ. ಮುದುಕಿ ಹಳೆಯ ಹೊಲವನ್ನು ಗುರುತು ಮಾಡಿಕೊಳ್ಳುತ್ತಿದ್ದಾಳೆ, ಪೊದೆಯಲ್ಲಿ ಹಾವು ಬೇರೆ ಇದೆ ಎಂದರು. ಎರಡನ್ನೂ ಅರ್ಜಿಯಲ್ಲಿ ಸೇರಿಸಿದೆ. ಕೋಲು ಯಾಕೆಂದು ಅಜ್ಜಿಯನ್ನು ಯಾರೂ ಕೇಳಲಿಲ್ಲ. ಕೇಳುವುದೇ ನನ್ನ ಕಸುಬು; ನಾನೂ ಕೇಳಲಿಲ್ಲ.

ಕಚೇರಿಯವರು ಸರಪಳಿ ಹಿಡಿದು ಬಂದು ಅಳೆದರು. ಕೋಲುಗಳೆಲ್ಲ ಅಜ್ಜಿಯ ಸೈಟಿನೊಳಗೇ ಇದ್ದವು. ಅಮಲ್ದಾರರ ಗೇಟು ಮಾತ್ರ ಅರ್ಧ ಗಜ ರಸ್ತೆಗೆ ಬಂದಿತ್ತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಹಾವಿನ ದೂರು ಉಳಿಯಿತು. ಮಾರನೆಯ ದಿನ ಕಚೇರಿಯವರು ಆಳುಗಳೊಂದಿಗೆ ಬಂದು ಗಿಡಗಳನ್ನು ಕಡಿದು, ಕೋಲು ಕಿತ್ತು, ಬದುವನ್ನು ನೆಲಸಮ ಮಾಡಿದರು. ಹಾವು ಸಿಗಲಿಲ್ಲ. ಪಿಕಳಾರ ಹಕ್ಕಿಯ ಗೂಡೊಂದು ಸಿಕ್ಕಿತು, ಮೊಟ್ಟೆಗಳಿದ್ದವು. ಅದನ್ನು ಮಡಿಲಲ್ಲಿಟ್ಟುಕೊಂಡು ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ಕಚೇರಿಯವರ ಕಡೆ ತಿರುಗಲಿಲ್ಲ. ನನ್ನನ್ನು ನೋಡಿ, "ಹೊಲ ಕೇಳಿದ್ರಿ, ಕೊಟ್ವಿ. ಬದುನೂ ಬೇಕಾಯ್ತಾ?" ಎಂದರು.

ಆ ಮಳೆಗಾಲದಲ್ಲಿ ಅಮಲ್ದಾರರ ಗುಲಾಬಿಗಳಿಗೆ ಹುಳ ಬಿತ್ತು. ಹಕ್ಕಿಗಳು ಬರಲೆಂದು ಅವರು ಹುಲ್ಲಿನ ನಡುವೆ ಪುಟ್ಟ ಕಟ್ಟೆ ಕಟ್ಟಿಸಿ ತಟ್ಟೆಯಲ್ಲಿ ಅನ್ನ ಇಡಿಸಿದರು. ಕಾಗೆಗಳು ಬಂದವು. ಅಜ್ಜಿ ಗೇಟಿನ ಹೊರಗೆ ನಿಂತು, ಬಲು ಮರ್ಯಾದೆಯಿಂದ ವಿಚಾರಿಸಿದರು: "ಇವತ್ತು ಯಾರ ತಿಥಿ, ಸಾಮಿ?"

ಮರುದಿನದಿಂದ ತಟ್ಟೆ ಕಾಣಲಿಲ್ಲ.

ಅದಾದ ಮೇಲೆ ನಾನು ಅಜ್ಜಿಯ ಮನೆಗೆ ಹೋಗಿ, ಅರ್ಜಿ ಬರೆದವನು ನಾನೇ ಎಂದೆ. ಗೊತ್ತು ಎಂದರು. ಕೂತುಕೋ ಎನ್ನಲಿಲ್ಲ. ಮರುದಿನ ಬೆಳಿಗ್ಗೆ, ಯಾರನ್ನೂ ಕೇಳದೆ ನಮ್ಮ ಕಾಂಪೌಂಡಿನೊಳಗೆ ಬಂದು, ಹುಲ್ಲಿನ ನಟ್ಟನಡುವೆ ಒಂದು ಒಣಕೋಲು ಹೂತು ಅಡ್ಡಕಡ್ಡಿ ಕಟ್ಟಿದರು. ಮಾಗಡಿ ರಸ್ತೆಯ ಕಡೆ ಆಗ ಇನ್ನೂ ಕುರುಚಲು ಉಳಿದಿತ್ತು. ಅತ್ತ ಕೈ ತೋರಿಸಿದರು.

"ಗಿಡ ನೆಡೋರು ಅಲ್ಲಿಂದ ಬತ್ತಾರೆ. ನೀನೇನೂ ಮಾಡ್‌ಬ್ಯಾಡ. ಏನೂ ಬರೀಬ್ಯಾಡ."

1959ರ ಮಳೆಗಾಲದಲ್ಲಿ ಆ ಕೋಲು ಗೆದ್ದಲು ಹತ್ತಿ ಬಿತ್ತು. ಆ ವೇಳೆಗೆ ಅಜ್ಜಿ ಇರಲಿಲ್ಲ. ಆ ವರ್ಷದ ಬೇಸಿಗೆಯಲ್ಲೇ ಒಂದು ವಾರದ ಜ್ವರದಲ್ಲಿ ತೀರಿಕೊಂಡಿದ್ದರು. ಮಗ ಸೈಟು ಮಾರಿದ. ಕೊಂಡವರು ಕ್ರೋಟನ್ ಇಟ್ಟಿದ್ದಾರೆ. ನಮ್ಮ ಹುಲ್ಲಿನ ನಡುವೆ, ಆ ಕೋಲಿನ ಬುಡದಲ್ಲಿ ಎದ್ದ ಕಾರೆ ಗಿಡ ಈಗ ಕಾಂಪೌಂಡು ಗೋಡೆಗಿಂತ ಎತ್ತರವಿದೆ. ಈ ವರ್ಷ ಅದರಲ್ಲಿ ಪಿಕಳಾರದ ಎರಡು ಗೂಡುಗಳಿವೆ.